ರಜೆಯ ಲೆಕ್ಕ ಮಕ್ಕಳ ಕೈಯಲ್ಲಿ

ಮೇ ತಿಂಗಳು ಬಂತೆಂದರೆ ಮುಂಬೈ ನಮ್ಮ ಕರಾವಳಿಗೆ ಬಂದಿಳಿಯುತ್ತದೆ. ಅಲ್ಲಿಯ ಶಾಲೆಗಳಿಗೆ ರಜೆ ಸಿಕ್ಕಿದ್ದೇ ತಡ, ಡೊಂಬಿವಿಲಿ, ಥಾಣೆ, ಮೀರಾ ರೋಡಿನಲ್ಲಿರುವ ನೆಂಟರೆಲ್ಲ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಡುತ್ತಾರೆ. ಮದುವೆ, ಉಪನಯನ, ಕೋಲ, ಮಾವು, ಹಲಸು ಎಲ್ಲಕ್ಕೂ ಅದೇ ತಿಂಗಳು. ಆ ಕಡೆಯಿಂದ ಬರುವ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದೇ ಹೊತ್ತಿಗೆ ಈ ಕಡೆಯಿಂದ ಹೋಗುವ ರೈಲಿನಲ್ಲಿ ಬರ್ತ್ ಸಿಗುತ್ತದೆ. ಹೆಚ್ಚು ಖರ್ಚಿಲ್ಲದೆ ಮಕ್ಕಳಿಗೆ ಒಂದು ಮಹಾನಗರ ತೋರಿಸಬೇಕೆಂದು ಹೊರಟಾಗ ನಮ್ಮ ಇಡೀ ಪ್ರವಾಸ ನಿಂತದ್ದು ಈ ಒಂದು ಸಂಗತಿಯ ಮೇಲೆ.

ಮಗಳಿಗೆ ಹದಿನಾಲ್ಕು, ಮಗನಿಗೆ ಹದಿಮೂರು. ನನ್ನ ಗಂಡನ ಅಕ್ಕ ಡೊಂಬಿವಿಲಿಯಲ್ಲಿ ಇದ್ದಾರೆ. ಪ್ರತಿ ಮೇ ತಿಂಗಳಲ್ಲಿ ಅವರು ಕುಂದಾಪುರದ ನಮ್ಮ ಮನೆಗೆ ಬಂದು ಅಪ್ಪ ಅಮ್ಮನ ಜೊತೆ ಇದ್ದು ಹೋಗುವುದು ರೂಢಿ. ಆ ದಿನಗಳಲ್ಲಿ ಅವರ ಫ್ಲ್ಯಾಟಿಗೆ ಬೀಗ. ಅವರು ಇಲ್ಲಿಗೆ ಬಂದಾಗ ನಾವು ಅಲ್ಲಿಗೆ ಹೋದರೆ ಆಗದೇ ಎಂದು ಫೋನಿನಲ್ಲಿ ಕೇಳಿದೆ. "ಅಯ್ಯೋ, ಇದನ್ನು ಕೇಳುವುದು ಎಂತಕ್ಕೆ? ನಾನೇ ಹೇಳಬೇಕು ಅಂತಿದ್ದೆ" ಅಂದರು ಅತ್ತಿಗೆ. ಅತ್ತೆ ಮಾವನನ್ನು ಬಿಟ್ಟು ಹೋಗುವುದು ಹೇಗೆ ಎಂಬ ನನ್ನ ಚಿಂತೆಯೂ ಅದರೊಂದಿಗೆ ತೀರಿತು. ಮಗಳು ಬಂದು ಮನೆಯಲ್ಲಿ ಇದ್ದರೆ ಅವರಿಗೆ ಸೊಸೆಯ ನೆನಪಾದರೂ ಯಾಕೆ ಬರಬೇಕು!

ನಗರ ಪ್ರವಾಸದಲ್ಲಿ ದುಡ್ಡು ತಿನ್ನುವುದು ವಸತಿ. ನೆಂಟರ ಮನೆ ಇದ್ದರೆ ಅದು ಉಳಿಯುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಹಾಲ್, ಒಂದು ಬೆಡ್‌ರೂಮು, ಅಡುಗೆಮನೆ ಇಷ್ಟೇ ಇರುವ ಮುಂಬೈ ಮನೆಯಲ್ಲಿ ನಾಲ್ಕು ಜನ ಹೋಗಿ ವಾರಗಟ್ಟಲೆ ಕೂತರೆ ಆ ಮನೆಯವರಿಗೆ ಎಷ್ಟು ಕಷ್ಟ ಎಂಬುದನ್ನು ನೋಡುವುದಿಲ್ಲ. ಆಫೀಸಿಗೆ ಹೋಗುವವರು ಬೆಳಿಗ್ಗೆ ಐದೂವರೆಗೆ ಏಳಬೇಕು. ನೀರು ಬರುವುದು ಗೊತ್ತಾದ ಹೊತ್ತಿಗೆ ಮಾತ್ರ. ಹರೆಯಕ್ಕೆ ಬಂದ ಮಕ್ಕಳಿಗೆ ಬಟ್ಟೆ ಬದಲಿಸಲು ಮರೆ ಬೇಕು, ರಾತ್ರಿ ಹೊತ್ತು ಹರಟಬೇಕು, ಬೆಳಿಗ್ಗೆ ತಡವಾಗಿ ಏಳಬೇಕು. ಅತ್ತಿಗೆ ಹೊರಡುವ ಎರಡು ದಿನ ಮೊದಲು ಹೋಗಿ ಸೇರಿ, ನೀರಿನ ಹೊತ್ತು, ಗ್ಯಾಸು, ಸೊಸೈಟಿಯ ಕಾವಲುಗಾರನ ಪರಿಚಯ ಎಲ್ಲ ಮಾಡಿಕೊಂಡು, ಅವರನ್ನು ರೈಲು ಹತ್ತಿಸಿ ಕೀಲಿ ಇಸಿದುಕೊಂಡೆವು. ಎರಡೂ ಮನೆಗೆ ನೆಮ್ಮದಿ. ಇಂಥ ಅನುಕೂಲ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ನಗರದಲ್ಲಿ ನೆಂಟರಿರುವ ಎಷ್ಟೋ ಜನ ಅವರು ಊರಿಗೆ ಬರುವ ತಿಂಗಳು ಯಾವುದೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.

ಹೋಗುವಾಗ ಟಿಕೆಟ್ ಸಲೀಸು. ಮರಳುವಾಗಿನದ್ದು ಬೇರೆಯೇ ಕಥೆ, ಯಾಕೆಂದರೆ ಆಗ ನಾವೂ ಊರಿಗೆ ಹೊರಟ ಮುಂಬೈಯವರ ಸಾಲಿನಲ್ಲಿ ನಿಲ್ಲುತ್ತೇವೆ. 2024ರ ನವೆಂಬರಿನಿಂದ ರೈಲ್ವೆಯ ಮುಂಗಡ ಕಾದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ; ಅದಕ್ಕೂ ಹಿಂದೆ 120 ದಿನ ಇತ್ತು. ಹಾಗಾಗಿ ನಾವು ಮರಳುವ ದಿನವನ್ನು ಮೊದಲು ಗೊತ್ತುಮಾಡಿ, ಆ ಟಿಕೆಟ್ಟಿಗಾಗಿ ಬೆಳಿಗ್ಗೆ ಎಂಟಕ್ಕೆ ಕಾದು ಕುಳಿತು, ಅದು ಖಾತ್ರಿಯಾದ ಮೇಲೆ ಹೋಗುವ ಟಿಕೆಟ್ ತೆಗೆದೆವು. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ ಇದೆ. ನಮ್ಮ ಮಕ್ಕಳು ಆ ವಯಸ್ಸು ದಾಟಿದವರು, ನಾಲ್ಕೂ ಪೂರ್ತಿ ಟಿಕೆಟ್. ಅದೇ ಮಕ್ಕಳಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ತುಂಬುವವರೆಗೆ ಪ್ರವೇಶ ಉಚಿತ. ಎತ್ತರದಲ್ಲಿ ನನ್ನನ್ನೇ ಮೀರಿಸಿದ ಮಗಳ ವಯಸ್ಸನ್ನು ಯಾರೂ ಸುಮ್ಮನೆ ನಂಬುವುದಿಲ್ಲ, ಆಧಾರ್ ಕಾರ್ಡು ಜೊತೆಯಲ್ಲಿರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊರಡುವ ಮೊದಲೇ ಒಂದು ಭಾನುವಾರ ಊಟವಾದ ಮೇಲೆ ನಾನು, ಇವರು ಕೂತು ನಮ್ಮ ಹತ್ತಿರ ಇರುವ ಮೊತ್ತ ಎಷ್ಟು ಎಂದು ಮಕ್ಕಳಿಗೆ ಹೇಳಿದೆವು. ಇಷ್ಟೇ ಇರುವುದು, ಸಾಲ ಮಾಡುವುದಿಲ್ಲ, ರೈಲಿಗೆ ಇಷ್ಟು, ಊಟ ತಿಂಡಿಗೆ ಇಷ್ಟು, ಉಳಿದದ್ದರಲ್ಲಿ ಏನು ನೋಡಬೇಕು ಎಂದು ನೀವೇ ಹೇಳಿ ಅಂದೆವು. ಮನೆಯ ಹಣಕಾಸು ಮಕ್ಕಳಿಗೆ ಗೊತ್ತಾಗಬಾರದು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಆದರೆ ಹದಿಮೂರು ಹದಿನಾಲ್ಕರ ಮಕ್ಕಳಿಗೆ ಎಲ್ಲವೂ ಗೊತ್ತಿರುತ್ತದೆ. ಮೊತ್ತವೊಂದು ಮಾತ್ರ ಗೊತ್ತಿರುವುದಿಲ್ಲ. ಮೊತ್ತ ಗೊತ್ತಿಲ್ಲದ ಮಗು 'ಅದು ಬೇಕು' ಎಂದು ಹಟ ಮಾಡುತ್ತದೆ, ನಾವು 'ಬೇಡ' ಎನ್ನುತ್ತೇವೆ, ರಜೆಯಿಡೀ ಅದೇ ಆಗುತ್ತದೆ. ಮೊತ್ತ ಗೊತ್ತಾದ ದಿನ ನನ್ನ ಮಗ ನೋಟ್‌ಪುಸ್ತಕ ತಂದು ಗೀಟು ಎಳೆದು ಕೂತ. ವಾಟರ್ ಪಾರ್ಕಿನ ಟಿಕೆಟ್ ದರ ಅವನೇ ಹುಡುಕಿ ನೋಡಿ, ನಾಲ್ಕರಿಂದ ಗುಣಿಸಿ, ತಾನೇ ಹೊಡೆದು ಹಾಕಿದ. ನಾನು ಒಂದು ಮಾತೂ ಆಡಬೇಕಾಗಲಿಲ್ಲ.

ಪ್ರತಿ ಬೆಳಿಗ್ಗೆ ಇಬ್ಬರಿಗೂ ಒಂದೊಂದು ಲಕೋಟೆ. ಅದರಲ್ಲಿದ್ದದ್ದು ಆ ದಿನದ ಅವರ ಕೈಖರ್ಚು, ಉಳಿದರೆ ಅವರದ್ದೇ. ಊಟ, ನೀರು, ಪ್ರಯಾಣದ ದುಡ್ಡು ಮಾತ್ರ ಲಕೋಟೆಯಿಂದ ಹೊರಗೆ, ನಮ್ಮ ಬಳಿ. ಇದು ಬಹಳ ಮುಖ್ಯ. ಈ ವಯಸ್ಸಿನ ಹೆಣ್ಣುಮಕ್ಕಳು ಏನನ್ನೋ ಕೊಳ್ಳಬೇಕೆಂದು ಮನಸ್ಸು ಮಾಡಿದರೆ ಮಧ್ಯಾಹ್ನದ ಊಟವನ್ನೇ ಬಿಟ್ಟು ದುಡ್ಡು ಕೂಡಿಡುತ್ತಾರೆ. ಮೇ ತಿಂಗಳ ಮುಂಬೈ ಸೆಖೆಯಲ್ಲಿ ಹೊಟ್ಟೆ ಖಾಲಿ ಬಿಟ್ಟು ನಡೆದಾಡಿದರೆ ತಲೆ ತಿರುಗುವುದು ಖಂಡಿತ.

ಎಲಿಫೆಂಟಾಕ್ಕೆ ಹೋದ ದಿನ ಈ ಲಕೋಟೆಯ ಗುಣ ಕಣ್ಣಾರೆ ಕಂಡೆ. ಸೋಮವಾರ ಅಲ್ಲಿಗೆ ರಜೆ, ಅದನ್ನು ಬಿಟ್ಟು ಬೇರೆ ದಿನ ಗೇಟ್‌ವೇ ಆಫ್ ಇಂಡಿಯಾದಿಂದ ಬೆಳಗಿನ ದೋಣಿ ಹಿಡಿಯಬೇಕು. ಸುಮಾರು ಒಂದು ಗಂಟೆಯ ಸಮುದ್ರಯಾನ. ಗುಹೆಯ ಪ್ರವೇಶ ದೊಡ್ಡವರಿಗೆ 40 ರೂಪಾಯಿ, ಮಕ್ಕಳಿಗೆ ಏನೂ ಇಲ್ಲ. ಆ ದಿನದ ದೊಡ್ಡ ಖರ್ಚು ದೋಣಿಯದ್ದೇ. ದೋಣಿಕಟ್ಟೆಯಿಂದ ಮೆಟ್ಟಿಲಿನ ಬುಡದವರೆಗೆ ಪುಟ್ಟ ರೈಲೊಂದು ಓಡುತ್ತದೆ. ಮಗ ಅದರ ಮುಂದೆ ನಿಂತ. ಲಕೋಟೆ ತೆಗೆದ, ನೋಟು ಎಣಿಸಿದ, ರೈಲು ನೋಡಿದ, ಮುಂದಿನ ದಾರಿ ನೋಡಿದ, ಮತ್ತೆ ಲಕೋಟೆ ಜೇಬಿಗೆ ಸೇರಿಸಿ "ನಡೆದು ಹೋಪ ಅಮ್ಮ, ಹತ್ತಿರವೇ ಉಂಟು" ಅಂದ. ಮನೆಯಲ್ಲಿ ಅಂಗಡಿಗೆ ಹೋಗಲೂ ಸೈಕಲ್ ಬೇಕೆನ್ನುವ ಹುಡುಗ ಆ ಬಿಸಿಲಲ್ಲಿ ನಡೆದ, ಮೇಲಿನ ಮೆಟ್ಟಿಲುಗಳನ್ನೂ ಓಡುತ್ತ ಹತ್ತಿದ. ದಾರಿಯಲ್ಲಿ ಕೋತಿಗಳು ಕೈಯಲ್ಲಿದ್ದ ಬಾಟಲಿಯನ್ನೇ ಕಿತ್ತುಕೊಳ್ಳುತ್ತವೆ, ಚೀಲದೊಳಗೆ ಇಟ್ಟುಕೊಳ್ಳಬೇಕು. ಒಳಗೆ ಹೋದರೆ ಕಲ್ಲಿನ ತಂಪು. ಸುಮಾರು 20 ಅಡಿ ಎತ್ತರದ ಮೂರು ಮುಖದ ಸದಾಶಿವನ ಎದುರು ಮಕ್ಕಳಿಬ್ಬರೂ ನೆಲದ ಮೇಲೆ ಕೂತರು. ಏಳಿ ಎಂದು ನಾವು ಅವಸರ ಮಾಡಲಿಲ್ಲ. ದಿನಕ್ಕೆ ದುಡ್ಡು ಕೊಟ್ಟು ನೋಡುವ ಜಾಗ ಒಂದೇ ಎಂದು ಮೊದಲೇ ತೀರ್ಮಾನಿಸಿದ್ದರಿಂದ ಮುಂದೆ ಓಡಬೇಕಾದ ಇನ್ನೊಂದು ಜಾಗವೂ ಇರಲಿಲ್ಲ.

ಆ ದ್ವೀಪಕ್ಕೆ ಎಲಿಫೆಂಟಾ ಎಂದು ಪೋರ್ಚುಗೀಸರು ಹೆಸರಿಟ್ಟದ್ದು ಅಲ್ಲಿದ್ದ ಕಲ್ಲಿನ ಆನೆ ನೋಡಿ. ಆ ಆನೆ ಈಗ ದ್ವೀಪದಲ್ಲಿಲ್ಲ, ಬೈಕುಲಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗೆ ನಿಂತಿದೆ. ಇದನ್ನು ಹೇಳಿದ್ದಕ್ಕೆ ಇಬ್ಬರೂ ತಾವಾಗಿಯೇ ಬೈಕುಲಾವನ್ನು ಪಟ್ಟಿಗೆ ಸೇರಿಸಿದರು. ಇನ್ನೊಂದು ಜಾಗ ಕೋಟೆ (ಫೋರ್ಟ್) ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಅಲ್ಲಿ ಶಿಲ್ಪಗಳ ನಡುವೆ ಮಗಳು ಒಂದು ಫಲಕದ ಮುಂದೆ ನಿಂತು "ಅಮ್ಮ, ಇದು ಐಹೊಳೆಯದ್ದು!" ಎಂದು ಕೂಗಿದಳು. ಹುಚ್ಚಪ್ಪಯ್ಯ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮನ ಫಲಕ. ಶಾಲೆಯ ಪ್ರವಾಸದಲ್ಲಿ ಅವಳು ಐಹೊಳೆ ನೋಡಿ ಬಂದಿದ್ದಳು. ಅಲ್ಲಿಯದ್ದು ಇಲ್ಲಿ ಯಾಕೆ ಬಂತು ಎಂದು ಕೇಳಿದಳು. ಆಗಿನ ಬಿಜಾಪುರ ಜಿಲ್ಲೆ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು ಎಂದು ಇವರು ವಿವರಿಸಿದರು. ಪಾಠದಲ್ಲಿ ಬಾಯಿಪಾಠ ಮಾಡಿದ್ದ ಏಕೀಕರಣದ ವಿಷಯ ಅವಳಿಗೆ ಅಲ್ಲಿ ಅರ್ಥವಾದಂತೆ ಕಂಡಿತು. ಕೊಟ್ಟ ಟಿಕೆಟ್ಟಿನ ಹಣ ನನ್ನ ಪಾಲಿಗೆ ಅಲ್ಲೇ ವಸೂಲಾಯಿತು.

ಲೋಕಲ್ ರೈಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹದಿಹರೆಯದ ಮಕ್ಕಳಿದ್ದರೆ ಇದು ತೊಡಕಿನದ್ದು. ಸೆಕೆಂಡ್ ಕ್ಲಾಸಿನ ಕನಿಷ್ಠ ಟಿಕೆಟ್ 5 ರೂಪಾಯಿ, ಇದಕ್ಕಿಂತ ಅಗ್ಗದ ಪ್ರಯಾಣ ಮುಂಬೈಯಲ್ಲಿಲ್ಲ. ಹೆಂಗಸರ ಡಬ್ಬದಲ್ಲಿ ಹನ್ನೆರಡು ದಾಟಿದ ಹುಡುಗರು ಹತ್ತುವಂತಿಲ್ಲ. ಆದ್ದರಿಂದ ನಾನು, ಮಗಳು ಒಂದು ಕಡೆ; ಇವರು, ಮಗ ಇನ್ನೊಂದು ಕಡೆ. ಇಳಿದ ಮೇಲೆ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಕೆಳಗೆ ಸೇರಬೇಕು. ಯಾರಾದರೂ ಹತ್ತಲಾಗದೆ ಉಳಿದರೆ ಉಳಿದವರು ಅಲ್ಲಿಂದ ಅಲುಗಾಡಬಾರದು. ಹತ್ತಿದವರು ಮುಂದೆ ನಿಲ್ಲುವ ಸ್ಟೇಷನ್ನಿನಲ್ಲಿ ಇಳಿದು ಹಿಂದೆ ಬರಬೇಕು. ಇದನ್ನು ಮೊದಲ ದಿನವೇ ಇಬ್ಬರ ಬಾಯಲ್ಲೂ ಹೇಳಿಸಿದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಡೊಂಬಿವಿಲಿಯಿಂದ ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಕಡೆಗೆ ಹೋಗುವ ಗಾಡಿಗೆ ಮಕ್ಕಳನ್ನು ಹತ್ತಿಸುವ ಸಾಹಸ ಯಾರೂ ಮಾಡಬಾರದು. ದೋಣಿಯ ದಿನ ಮಾತ್ರ ಆರು ಗಂಟೆಯೊಳಗೆ ಹೊರಟೆವು, ಉಳಿದ ದಿನ ಹನ್ನೊಂದರ ಮೇಲೆ. ತಡವಾಗಿ ಏಳುವ ಮಕ್ಕಳಿಗೆ ಅದು ಸರಿಹೋಯಿತು. ಭಾನುವಾರ ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್ ಇರುತ್ತದೆ, ಗಾಡಿಗಳು ಕಡಿಮೆ. ಆ ದಿನ ಮನೆಯಲ್ಲೇ ಇದ್ದು ಬಟ್ಟೆ ಒಗೆದು ಮಲಗಿದೆವು.

ದುಡ್ಡಿಲ್ಲದೆ ನೋಡಬಹುದಾದದ್ದು ಮುಂಬೈಯಲ್ಲಿ ಬೇಕಾದಷ್ಟಿದೆ. ಚರ್ಚ್‌ಗೇಟ್ ಬಳಿಯ ಓವಲ್ ಮೈದಾನದ ನಡುವೆ ನಿಂತರೆ ಒಂದು ಪಕ್ಕ ರಾಜಾಬಾಯಿ ಗಡಿಯಾರ ಗೋಪುರ, ಹೈಕೋರ್ಟು. ಇನ್ನೊಂದು ಪಕ್ಕ ದುಂಡು ಬಾಲ್ಕನಿಗಳ ಆರ್ಟ್ ಡೆಕೋ ಮನೆಗಳು. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಅಲ್ಲಿಂದ ಮರೀನ್ ಡ್ರೈವಿಗೆ ಸಂಜೆ ನಡೆದು ಹೋಗಬಹುದು. ವರಳಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಮಾತ್ರ ಟಿಕೆಟ್ ಇದೆ; ಅಲ್ಲಿ ಮಗ ಮುಟ್ಟದೆ ಬಿಟ್ಟ ಯಂತ್ರ ಇಲ್ಲ. ಮಗಳು ಲಕೋಟೆಗಳಲ್ಲಿ ಉಳಿಸಿದ್ದನ್ನೆಲ್ಲ ಫ್ಲೋರಾ ಫೌಂಟನ್ ಹತ್ತಿರ ಫುಟ್‌ಪಾತಿನ ಹಳೆ ಪುಸ್ತಕಗಳಿಗೆ ಸುರಿದಳು.

ಆದರೆ ಮಕ್ಕಳ ಪಟ್ಟಿಯಲ್ಲಿ ಮೊದಲನೆಯದಾಗಿ ಇದ್ದದ್ದು ಯಾವ ಪ್ರವಾಸಿ ಪುಸ್ತಕದಲ್ಲೂ ಇಲ್ಲದ ಜಾಗ: ಅಜ್ಜ ಕೆಲಸ ಮಾಡಿದ ಹೋಟೆಲು. ನನ್ನ ಮಾವ ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಹೋದವರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅವರ ಕಾಲಕ್ಕೆ ಬಸ್ಸು, ರೈಲು ಬದಲಿಸುತ್ತ ಹೋಗಿ ಮುಟ್ಟಬೇಕಿತ್ತು. ಕೋಟೆಯ ಒಂದು ಉಡುಪಿ ಹೋಟೆಲಿನಲ್ಲಿ ಹಗಲಿಡೀ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗಿ ಓದಿದರು. ನಮ್ಮ ಕರಾವಳಿಯ ಅದೆಷ್ಟು ಮಕ್ಕಳು ಹಾಗೆ ಓದಿ ಮೇಲೆ ಬಂದಿದ್ದಾರೆ! ಮಗ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದು ನಡೆದ. "ಮೂಲೆಯಲ್ಲಿ ಇರಾನಿ ಹೋಟೆಲು ಉಂಟಾ? ಅಲ್ಲಿಂದ ಎಡಕ್ಕೆ ಹೋಗು ಮಗಾ" ಎಂದು ಕುಂದಾಪುರದಿಂದ ಅಜ್ಜ ದಾರಿ ಹೇಳಿದರು. ಹೋಟೆಲು ಇದ್ದಲ್ಲಿ ಈಗ ಕೊರಿಯರ್ ಆಫೀಸು. ಪಕ್ಕದ ಮರದ ಮೆಟ್ಟಿಲು ಮಾತ್ರ ಹಾಗೇ ಇದೆ, ಕೈಹಿಡಿ ಸವೆದು ನುಣುಪಾಗಿದೆ. "ಆ ಮೆಟ್ಟಿಲ ಅಡಿಯಲ್ಲೇ ನನ್ನ ಚಾಪೆ" ಅಂದರು ಅಜ್ಜ. ಮಗ ಬಗ್ಗಿ ನೋಡಿದ. ಅವನ ಪ್ರಾಯದ ಹುಡುಗನೊಬ್ಬ ಕಾಲು ಚಾಚಿ ಮಲಗುವಷ್ಟು ಉದ್ದವೂ ಅಲ್ಲಿರಲಿಲ್ಲ. "ಕಾಲು ಎಲ್ಲಿ ಇಡ್ತಿದ್ರಿ ಅಜ್ಜ?" ಎಂದು ಕೇಳಿದ. ಅಜ್ಜ ಆ ಬಗ್ಗೆ ತುಂಬಾ ಹೊತ್ತು ಹೇಳಿದರು, ಮಕ್ಕಳು ಆ ಗಲ್ಲಿಯಲ್ಲಿ ನಿಂತೇ ಕೇಳಿದರು. ಆ ಮಧ್ಯಾಹ್ನ ಮಾಟುಂಗಕ್ಕೆ ಹೋಗಿ, ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಎಲೆಯಲ್ಲಿ ಉಂಡೆವು. ಮಗ ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ನಾನು ಹೇಳಿದ್ದಲ್ಲ.

ಇಷ್ಟೆಲ್ಲ ಉಳಿಸಿದ ಮೇಲೂ ಕೈಬಿಗಿ ಹಿಡಿಯಬಾರದ ಜಾಗಗಳಿವೆ. ಮರಳುವ ರೈಲಿಗೆ ನಾವು ತ್ರೀ ಟಯರ್ ಎ.ಸಿ. ತೆಗೆದದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ. ದಣಿದ ಮಕ್ಕಳನ್ನು ಆ ಜನಜಂಗುಳಿಯ ಸ್ಲೀಪರ್ ಡಬ್ಬದಲ್ಲಿ ರಾತ್ರಿಯಿಡೀ ತರುವುದು ಬೇಡ. ಸಾಮಾನು ಹೊತ್ತು ಡೊಂಬಿವಿಲಿಯಿಂದ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಲೋಕಲ್ ಹತ್ತುವ ಬದಲು ಟ್ಯಾಕ್ಸಿ ಮಾಡಬೇಕು. ಹೋಗುವಾಗ ಹೀಗಿಲ್ಲ, ಮತ್ಸ್ಯಗಂಧ ಥಾಣೆಯಲ್ಲಿ ನಿಲ್ಲುತ್ತದೆ, ಅಲ್ಲೇ ಇಳಿದರೆ ಬೆಳಗಿನ ಹೊತ್ತು ಕಲ್ಯಾಣದ ಕಡೆ ಹೋಗುವ ಲೋಕಲ್ ಖಾಲಿ ಇರುತ್ತದೆ. ಅತ್ತಿಗೆಯ ಮನೆ ಬಿಡುವ ಮೊದಲು ಅಕ್ಕಿ, ಬೇಳೆ, ಎಣ್ಣೆ ಡಬ್ಬಗಳನ್ನು ನಾವು ಬಂದಾಗ ಇದ್ದದ್ದಕ್ಕಿಂತ ಮೇಲೆ ತುಂಬಿಸಿ, ನಮ್ಮ ಕಾಲದ ಕರೆಂಟಿನ ಬಿಲ್ಲು ಕಟ್ಟಿ, ಹಾಸಿಗೆ ಹೊದಿಕೆ ಒಗೆದು ಮಡಿಸಿಟ್ಟೆವು. ಈ ಖರ್ಚನ್ನು ಮಗ ತನ್ನ ನೋಟ್‌ಪುಸ್ತಕದಲ್ಲಿ 'ಅತ್ತೆ ಮನೆ' ಎಂದು ಬೇರೆಯೇ ಕಲಮಿನಲ್ಲಿ ಬರೆದಿದ್ದಾನೆ. ಬರುವ ವರ್ಷ ಹೋಗುವವರು ಅದನ್ನೂ ಮೊದಲೇ ಎತ್ತಿಡಬೇಕು.