ಚಾಲೈ ಪೇಟೆ

ಕೇರಳದ ರಾಜಧಾನಿಯಾದ ತಿರುವನಂತಪುರದಲ್ಲಿ ಚಾಲೈ ಎಂಬುದೊಂದು ಹಳೆಯ ಪೇಟೆ. ಭೂಪಟದಲ್ಲಿ ಇದಕ್ಕೆ ಒಂದು ಚುಕ್ಕೆಯಷ್ಟೂ ಸ್ಥಳ ದೊರೆಯದು. ಆದರೂ ಒಂದು ರಾಜಧಾನಿ ಹೇಗೆ ಬೆಳೆಯಿತು, ಅದರ ಅನ್ನ ಎಲ್ಲಿಂದ ಬಂದಿತು, ಅದರ ಬೀದಿಗಳಲ್ಲಿ ಯಾರು ನಡೆಯಬಹುದಾಗಿತ್ತು, ಯಾರು ನಡೆಯಬಾರದಾಗಿತ್ತು ಎಂಬುದನ್ನು ಅರಿಯಲು ಅರಮನೆಗಿಂತ ಈ ಪೇಟೆಯೇ ಹೆಚ್ಚು ಸಹಾಯಕವೆಂದು ನಮಗೆ ತೋರುತ್ತದೆ.

ಶ್ರೀ ಪದ್ಮನಾಭಸ್ವಾಮಿಯ ದೇವಾಲಯವನ್ನು ಸುತ್ತುವರಿದ ಹಳೆಯ ಕೋಟೆಗೆ ಪೂರ್ವದಲ್ಲಿ ಒಂದು ಹೆಬ್ಬಾಗಿಲುಂಟು. ಆ ಸ್ಥಳಕ್ಕೆ ಕಿಳಕ್ಕೇಕೋಟ್ಟ ಎಂದು ಹೆಸರು. ಕಿಳಕ್ಕು ಎಂದರೆ ಮೂಡಣ ದಿಕ್ಕು. ಇದರ ಎದುರಿನಿಂದ ಹೊರಟು, ಆರ್ಯಶಾಲೆಯನ್ನು ಹಾದು, ಕಿಳ್ಳಿಪ್ಪಾಲದವರೆಗೆ ಸಾಗುವ ಬೀದಿಯೂ ಅದರ ಇಕ್ಕೆಲದ ಗಲ್ಲಿಗಳೂ ಸೇರಿ ಚಾಲೈ ಎನಿಸುತ್ತವೆ. ಪಾಲಂ ಎಂದರೆ ಸೇತುವೆ. ಅದರ ಕೆಳಗಿನ ಕಿಳ್ಳಿಯಾರು ಮುಂದೆ ಕರಮನ ಹೊಳೆಯನ್ನು ಕೂಡಿಕೊಂಡು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪೇಟೆಯ ಮಗ್ಗುಲಲ್ಲಿ ಪುತ್ತರಿಕ್ಕಂಡಂ ಎಂಬ ಮೈದಾನವಿದೆ. ಹಿಂದೆ ಅದು ಗದ್ದೆಯಾಗಿತ್ತು. ಪದ್ಮನಾಭನಿಗೆ ಹೊಸ ಬೆಳೆಯನ್ನು ಒಪ್ಪಿಸುವ ಹಬ್ಬಕ್ಕೆ ತೆನೆ ಅಲ್ಲಿಂದ ಬರುತ್ತಿತ್ತು. ಕೊಡಗಿನ ಪುತ್ತರಿಯನ್ನು ಕಂಡವರಿಗೆ ಈ ಹೆಸರಿನ ಮೊದಲ ಭಾಗವನ್ನೂ, ತುಳುವಿನಲ್ಲಿ ಗದ್ದೆಗೆ ಕಂಡ ಎನ್ನುವರೆಂಬುದನ್ನು ಬಲ್ಲವರಿಗೆ ಎರಡನೆಯ ಭಾಗವನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಚಾಲೈ ಎಂಬ ಹೆಸರು. ತಮಿಳಿನ ಸಾಲೈ ಎಂಬ ಶಬ್ದಕ್ಕೆ ಹೆದ್ದಾರಿ ಎಂದೂ ಅರ್ಥವುಂಟು, ಶಾಲೆ ಎಂದೂ ಅರ್ಥವುಂಟು. ಪೇಟೆಗೆ ದಾರಿಯೆಂಬ ಅರ್ಥವೇ ಸಹಜವಾಗಿ ಒಪ್ಪುತ್ತದೆ. ಆದರೆ ಸಮೀಪದಲ್ಲಿಯೇ ವಲಿಯಶಾಲೆ, ಅಂದರೆ ದೊಡ್ಡ ಶಾಲೆ, ಎಂಬ ಕೇರಿಯೂ ಅಲ್ಲಿ ಕಾಂದಳೂರು ಎಂಬ ಹೆಸರಿನ ಶಿವದೇವಾಲಯವೂ ಇವೆ. ಕಾಂದಳೂರು ಸಾಲೈ ಪ್ರಾಚೀನ ಕಾಲದ ಪ್ರಸಿದ್ಧ ವಿದ್ಯಾಸ್ಥಾನ. ಆಯ್ ವಂಶದ ಅರಸನಾದ ಕರುನಂದಡಕ್ಕನ್ ಕ್ರಿ. ಶ. 866ರಲ್ಲಿ ಪಾರ್ಥಿವಶೇಖರಪುರದಲ್ಲಿ 95 ವಿದ್ಯಾರ್ಥಿಗಳಿಗಾಗಿ ಒಂದು ಶಾಲೆಯನ್ನು ತೆರೆದಾಗ, ಅದು ಕಾಂದಳೂರಿನ ಮಾದರಿಯಲ್ಲಿ ನಡೆಯತಕ್ಕದ್ದೆಂದು ತಾಮ್ರಪಟದಲ್ಲಿ ಬರೆಸಿದನು. ಚೋಳರಾಜನಾದ ರಾಜರಾಜನ ಶಾಸನಗಳು ಅವನು ಕಾಂದಳೂರನ್ನು ಗೆದ್ದುದನ್ನು ಹೊಗಳುತ್ತವೆ. ಆ ಕಾಂದಳೂರು ಈ ವಲಿಯಶಾಲೆಯೇ ಎಂದು ಕೆಲವು ವಿದ್ವಾಂಸರೂ, ಅಲ್ಲ, ದಕ್ಷಿಣದ ವಿಳಿಂಞಂ ಬಂದರಿನ ಬಳಿ ಇತ್ತೆಂದು ಬೇರೆ ಕೆಲವರೂ ವಾದಿಸಿದ್ದಾರೆ. ವಾದವು ಹೇಗೇ ಇರಲಿ, ದಾರಿ ಮತ್ತು ಶಾಲೆ ಎಂಬ ಎರಡು ಅರ್ಥಗಳನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವು ಬೇಕಾಗುತ್ತವೆ.

ಪೇಟೆಯು ಇಲ್ಲಿಯೇ ಏಕೆ ಹುಟ್ಟಿತು? ತಿರುವನಂತಪುರದ ಸುತ್ತಲಿನ ನೆಲ ಏರುತಗ್ಗಿನದು. ತೆಂಗಿಗೂ ಮರಗೆಣಸಿಗೂ ಒಗ್ಗಿದಷ್ಟು ಬತ್ತಕ್ಕೆ ಒಗ್ಗದು. ಬತ್ತದ ಕಣಜವೆಂದರೆ ದಕ್ಷಿಣದ ನಾಂಜಿನಾಡು, ಈಗಿನ ಕನ್ಯಾಕುಮಾರಿ ಜಿಲ್ಲೆಯ ಒಂದು ಭಾಗ. ಅಲ್ಲಿಯ ಅಕ್ಕಿ ಎತ್ತಿನ ಗಾಡಿಗಳಲ್ಲಿ ಕರಮನದ ಮಾರ್ಗವಾಗಿ ಕಿಳ್ಳಿಯಾರನ್ನು ದಾಟಿ ಬರುತ್ತಿತ್ತು. ಉತ್ತರದ ಸರಕುಗಳು ನೀರಿನ ಮೇಲೆ ಬಂದವು. ರಾಣಿ ಗೌರಿ ಪಾರ್ವತೀಬಾಯಿಯ ಆಳ್ವಿಕೆಯಲ್ಲಿ (1815-1829) ಕೋಟೆಯ ಪಶ್ಚಿಮದ ವಳ್ಳಕ್ಕಡವಿನಿಂದ ಕಠಿನಂಕುಳಂ ಹಿನ್ನೀರಿನವರೆಗೆ ಕಾಲುವೆಯನ್ನು ತೋಡಿಸಲಾಯಿತು. ವರ್ಕಲದ ಗುಡ್ಡ ಮಾತ್ರ ದೋಣಿಗಳಿಗೆ ಅಡ್ಡಲಾಗಿತ್ತು. 1880ರ ವೇಳೆಗೆ ಅಲ್ಲಿ ಎರಡು ಸುರಂಗಗಳು ಸಿದ್ಧವಾಗಲು, ಕೊಚ್ಚಿಯ ಕಡೆಯಿಂದ ಹೊರಟ ದೋಣಿ ಕಡಲಿಗೆ ಇಳಿಯದೆಯೇ ವಳ್ಳಕ್ಕಡವನ್ನು ಮುಟ್ಟಬಹುದಾಯಿತು. ಹೀಗೆ ಗಾಡಿಯ ದಾರಿಗೂ ದೋಣಿಯ ದಾರಿಗೂ ನಡುವೆ ಚಾಲೈ ನಿಂತಿತು. ರೈಲು 1918ರಲ್ಲಿ ಮೊದಲು ಬಂದುದು ಚಾಕೈ ಎಂಬಲ್ಲಿಗೆ (ಚಾಕೈ ಬೇರೆ, ಚಾಲೈ ಬೇರೆ, ಇವೆರಡನ್ನು ಒಂದೆಂದು ತಿಳಿಯಬಾರದು). 1931ರಲ್ಲಿ ಅದು ಪೇಟೆಗೆ ಹತ್ತಿರದ ತಂಬಾನೂರಿಗೆ ಮುಂದುವರಿಯಿತು.

ಪೇಟೆಯನ್ನು ಕಟ್ಟಿಸಿದ ಕೀರ್ತಿ ತಿರುವಾಂಕೂರಿನ ದಿವಾನನಾದ ರಾಜಾ ಕೇಶವದಾಸನಿಗೆ ಸಲ್ಲುತ್ತದೆ. ಇವನ ಹೆಸರು ಕನ್ನಡ ನಾಡಿನ ಚರಿತ್ರೆಯಲ್ಲಿಯೂ ಬರಬೇಕಾದುದು. ಇವನು ದಿವಾನನಾದ 1789ನೆಯ ವರ್ಷದ ಕೊನೆಯಲ್ಲಿಯೇ ಮೈಸೂರಿನ ಟಿಪ್ಪು ಸುಲ್ತಾನನು ನೆಡುಂಕೋಟ್ಟೆಯೆಂಬ ಗಡಿಯ ಕೋಟೆಸಾಲಿನ ಮೇಲೆ ಏರಿಬಂದನು. ಮರುವರ್ಷ ಸಾಲು ಮುರಿಯಿತು. ಮೈಸೂರಿನ ಸೈನ್ಯ ಆಲುವೆಯವರೆಗೆ ನಡೆಯಿತು. ಆದರೆ ಮಳೆಗಾಲವೂ ಸಮೀಪಿಸಿ, ಇಂಗ್ಲಿಷರು ಮೈಸೂರಿನ ಮೇಲೆ ದಂಡೆತ್ತುವ ಸುದ್ದಿಯೂ ಬರಲು ಟಿಪ್ಪು ಹಿಂದಿರುಗಿದನು. ಯುದ್ಧದಿಂದ ಬಳಲಿದ ರಾಜ್ಯಕ್ಕೆ ಹಣ ಬೇಕಾಗಿತ್ತು, ಹಣಕ್ಕೆ ವ್ಯಾಪಾರ ಬೇಕಾಗಿತ್ತು. ಧರ್ಮರಾಜನೆಂದು ಖ್ಯಾತನಾದ ಕಾರ್ತಿಕ ತಿರುನಾಳ್ ಮಹಾರಾಜನು ಸುಮಾರು 1795ರಲ್ಲಿ ಪದ್ಮನಾಭಪುರದಿಂದ ತಿರುವನಂತಪುರಕ್ಕೆ ರಾಜಧಾನಿಯನ್ನು ಬದಲಾಯಿಸಿದನು. ಹೊಸ ರಾಜಧಾನಿಯ ಬಾಗಿಲಲ್ಲಿ ಪೇಟೆ ನೆಲೆಗೊಂಡಿತು. ಕೇಶವದಾಸನು ಬಡತನದಲ್ಲಿ ಹುಟ್ಟಿ, ವರ್ತಕನೊಬ್ಬನಲ್ಲಿ ಲೆಕ್ಕ ಬರೆದು ಮೇಲೆ ಬಂದವನು. ಒಂದು ಬೆಳಗ್ಗೆ ಅರಸನು ಎದ್ದೊಡನೆ ಈ ಬಡ ಹುಡುಗನ ಮುಖವನ್ನು ಕಂಡು, ಅಪಶಕುನವೆಂದು ಸೆರೆಯಲ್ಲಿಡಿಸಿದನಂತೆ. ಅದೇ ದಿನ ದವಸದ ಹಡಗುಗಳು ಬಂದವೆಂಬ ಸುದ್ದಿ ಕೇಳಿ, ಇದು ಶುಭಮುಖವೆಂದು ಬಿಡಿಸಿದನಂತೆ. ಕಥೆ ನಿಜವಾಗಿರಲಿ ಬಿಡಲಿ, ದವಸಕ್ಕಾಗಿ ದಾರಿ ಕಾಯುತ್ತಿದ್ದ ರಾಜ್ಯದ ಚಿತ್ರ ಅದರಲ್ಲಿ ಚೆನ್ನಾಗಿ ಮೂಡಿದೆ.

ದಾರಿಯಿದ್ದಿತು, ಆದರೆ ಅದು ಎಲ್ಲರ ದಾರಿಯಾಗಿರಲಿಲ್ಲ. ನಾಂಜಿನಾಡಿನಲ್ಲಾಗಲಿ ಬೇರೆಡೆಯಲ್ಲಾಗಲಿ ಗದ್ದೆಯಲ್ಲಿ ದುಡಿದು ಅಕ್ಕಿ ಬೆಳೆದ ಪುಲಯರು ಮೊದಲಾದ ಜನರಿಗೆ ತಿರುವಾಂಕೂರಿನ ರಾಜಬೀದಿಗಳಲ್ಲಿ ನಿರ್ಭಯವಾಗಿ ನಡೆಯುವ ಹಾಗಿರಲಿಲ್ಲ. ತಿರುವನಂತಪುರದ ದಕ್ಷಿಣಕ್ಕಿರುವ ವೆಂಙಾನೂರಿನ ಅಯ್ಯಂಕಾಳಿ 1893ರಲ್ಲಿ ಎತ್ತಿನ ಬಂಡಿಯೊಂದನ್ನು ಕೊಂಡು, ತಲೆಗೆ ರುಮಾಲು ಸುತ್ತಿ, ನಿಷಿದ್ಧವಾದ ಬೀದಿಯಲ್ಲಿಯೇ ಅದನ್ನು ನಡೆಸಿದರು. ದಾರಿಯ ಹಕ್ಕಿನ ಬಳಿಕ ಅವರು ಕೈಗೆತ್ತಿಕೊಂಡುದು ಶಾಲೆಯ ಹಕ್ಕನ್ನು. ತಮ್ಮ ಜನರ ಮಕ್ಕಳನ್ನು ಶಾಲೆಗೆ ಸೇರಿಸದಿದ್ದಾಗ ಹೊಲದ ಕೆಲಸವನ್ನೇ ನಿಲ್ಲಿಸಿದರು. ಸಾಲೈ ಎಂಬ ಶಬ್ದದ ಎರಡು ಅರ್ಥಗಳಿಗಾಗಿಯೂ ಹೋರಾಡಿದವರು ಇವರೊಬ್ಬರೇ ಎನ್ನಬಹುದೇನೊ. ಮುಂದೆ ಅಯ್ಯಂಕಾಳಿ ಶ್ರೀಮೂಲಂ ಪ್ರಜಾಸಭೆಯ ಸದಸ್ಯರಾದರು. ಆ ಸಭೆಯು 1904ರಲ್ಲಿ ಸ್ಥಾಪಿತವಾದಾಗ ದಿವಾನರಾಗಿದ್ದವರು ವಿ. ಪಿ. ಮಾಧವರಾಯರು, ಮೈಸೂರಿನಲ್ಲಿ ಅಧಿಕಾರಿಗಳಾಗಿದ್ದು, ಅಲ್ಲಿಯ ಪ್ರಜಾಪ್ರತಿನಿಧಿ ಸಭೆಯನ್ನು ಕಂಡು ಬಂದವರು, 1906ರಲ್ಲಿ ಮೈಸೂರಿನ ದಿವಾನರೂ ಆದವರು. ಕೋಟೆಯೊಳಗಿನ ಪದ್ಮನಾಭನ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದುದು 1936ನೆಯ ನವೆಂಬರ್ 12ರ ರಾಜಘೋಷಣೆಯಿಂದ.

1956ನೆಯ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ನಾಂಜಿನಾಡು ಮದರಾಸು ರಾಜ್ಯಕ್ಕೆ ಸೇರಿತು. ಚಾಲೈಯ ಅಕ್ಕಿ ಒಂದು ಬೆಳಗಾಗುವಷ್ಟರಲ್ಲಿ ಪರರಾಜ್ಯದ ಅಕ್ಕಿಯಾಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿ, ಅಲ್ಲಿಯ ಕನ್ನಡಿಗರಿಗೆ ಐನೂರು ಕಿಲೋಮೀಟರಿಗೂ ಮಿಗಿಲಾದ ದೂರದ ತಿರುವನಂತಪುರ ರಾಜಧಾನಿಯಾಯಿತು. ಗಡಿಯ ಗೆರೆ ರಾಜ್ಯದ ಎರಡು ಕೊನೆಗಳಲ್ಲಿಯೂ ಜನರನ್ನು ತಾಕಿತು. ಆದರೆ ಚಾಲೈಯಲ್ಲಿ ತಮಿಳು ಅಳಿಯಲಿಲ್ಲ. ಅಂಗಡಿಯವರು ಎರಡು ಭಾಷೆಗಳಲ್ಲಿಯೂ ವ್ಯವಹರಿಸುತ್ತಾರೆ. ತಮಿಳಿನ ಸರ್ಕಾರಿ ಶಾಲೆಯೊಂದೂ ಅಲ್ಲಿದೆ. ತಾಳೆಬೆಲ್ಲದ ಅಂಗಡಿಯಿಂದ ಕರುಪ್ಪಟ್ಟಿಕ್ಕಡ ಎಂಬ ಹೆಸರು ಪಡೆದ ಕೂಡುರಸ್ತೆಯೂ ಇದೆ. ಓಣಂ ಹಬ್ಬದ ರಂಗವಲ್ಲಿಗೆ ಇಂದಿಗೂ ಹೂವು ಬರುವುದು ಗಡಿಯಾಚೆಯ ತೋವಾಳೆಯಿಂದ.

ಗಡಿಯನ್ನು ಪ್ರತಿವರ್ಷ ದೇವರುಗಳೂ ದಾಟುತ್ತಾರೆ. ನವರಾತ್ರಿಗೆ ಮುನ್ನ ಪದ್ಮನಾಭಪುರದಿಂದ ಸರಸ್ವತಿಯೂ, ಕುಮಾರಕೋವಿಲಿನಿಂದ ಕುಮಾರಸ್ವಾಮಿಯೂ, ಶುಚೀಂದ್ರದಿಂದ ಮುನ್ನೂತ್ತಿನಂಗೈ ಎಂಬ ದೇವಿಯೂ ಮೆರವಣಿಗೆಯಲ್ಲಿ ಹೊರಟು, ಅಕ್ಕಿಯ ಗಾಡಿಗಳು ಬರುತ್ತಿದ್ದ ಆ ಕರಮನದ ಮಾರ್ಗದಲ್ಲಿಯೇ ನಗರಕ್ಕೆ ಬರುತ್ತಾರೆ. ಸರಸ್ವತಿಗೆ ಕೋಟೆಯೊಳಗಿನ ನವರಾತ್ರಿ ಮಂಟಪವೂ, ಕುಮಾರಸ್ವಾಮಿಗೆ ಚಾಲೈಯ ಆರ್ಯಶಾಲೆಯ ದೇವೀಗುಡಿಯೂ, ಮುನ್ನೂತ್ತಿನಂಗೈಗೆ ಚೆಂದಿಟ್ಟದ ಗುಡಿಯೂ ಬಿಡಾರ. ಮಂಟಪದ ಸಂಗೀತೋತ್ಸವದಲ್ಲಿ ಸ್ವಾತಿ ತಿರುನಾಳ್ ಮಹಾರಾಜನ ಕೃತಿಗಳನ್ನು ಹಾಡುವರು. ಆತನು ಕನ್ನಡದಲ್ಲಿಯೂ ಪದಗಳನ್ನು ರಚಿಸಿದ್ದನು. ಪದ್ಮನಾಭನನ್ನು ಪೂಜಿಸುವ ನಂಬಿಗಳೂ ಕಾಸರಗೋಡಿನ ಚಂದ್ರಗಿರಿ ಹೊಳೆಯ ಎರಡು ದಡಗಳ ಮನೆತನಗಳಿಂದ ಬರುವವರು. ಆದುದರಿಂದ ಆ ದೂರದ ದಾರಿ 1956ಕ್ಕೆ ಬಹಳ ಹಿಂದೆಯೇ ಸವೆದಿದ್ದ ದಾರಿ.

ಕುಂಭಮಾಸದಲ್ಲಿ ಸಮೀಪದ ಆಟ್ಟುಕಾಲ್ ಭಗವತಿಗೆ ಪೊಂಗಾಲೆ ನಡೆಯುತ್ತದೆ. ಮಣ್ಣಿನ ಮಡಕೆ, ಬೆಲ್ಲ, ಅಕ್ಕಿ, ತೆಂಗಿನಕಾಯಿಗಳಿಗಾಗಿ ಹೆಂಗಸರು ಚಾಲೈಗೆ ಬರುವರು. ಹಬ್ಬದ ದಿನ ಲಕ್ಷಾಂತರ ಸ್ತ್ರೀಯರು ಜಾತಿಭೇದವಿಲ್ಲದೆ ನಗರದ ಬೀದಿಗಳಲ್ಲಿ ಮೂರು ಮೂರು ಇಟ್ಟಿಗೆಗಳ ಒಲೆ ಹೂಡಿ ಪಾಯಸ ಬೇಯಿಸುವರು. ಅಂದು ಚಾಲೈಯ ಬೀದಿಯಲ್ಲಿಯೂ ಗಾಡಿಗಳಿಗೆ ಎಡೆಯಿರದು. ಸಂಜೆ ಎಲ್ಲರೂ ಮನೆಗೆ ಹೋದ ಬಳಿಕ ಉಳಿದ ಇಟ್ಟಿಗೆಗಳನ್ನು ನಗರಸಭೆಯವರು ಒಟ್ಟುಗೂಡಿಸಿ ಬಡವರ ಮನೆಗಳನ್ನು ಕಟ್ಟಲು ಕೊಡುವ ಪದ್ಧತಿ ಈಚಿನ ವರ್ಷಗಳಲ್ಲಿ ಬಂದಿದೆ.