ಕಿವಿಯಿಲ್ಲದೆ ಕೇಳುವ ಜೀವಿಗಳು

ಶ್ರವಣೇಂದ್ರಿಯವೆಂದೊಡನೆ ತಲೆಯ ಎರಡು ಪಕ್ಕಗಳಲ್ಲಿರುವ ಕಿವಿಗಳನ್ನೇ ನಾವು ನೆನೆಯುತ್ತೇವೆ. ಆದರೆ ಶಬ್ದವೆಂಬುದು ಗಾಳಿಯಲ್ಲಿಯೋ ನೀರಿನಲ್ಲಿಯೋ ನೆಲದಲ್ಲಿಯೋ ಹರಡುವ ಕಂಪನ. ಅದನ್ನು ಗ್ರಹಿಸಬಲ್ಲ ಅಂಗವು ಶರೀರದ ಯಾವ ಭಾಗದಲ್ಲಿದ್ದರೂ ಕಿವಿಯೇ ಸರಿ.

ಮಳೆಗಾಲದ ಇರುಳಿನಲ್ಲಿ ಗೋಡೆಯ ಬಿರುಕಿನಿಂದ ಎಡೆಬಿಡದೆ ಕೂಗುವ ನೆಲದ ಜೀರುಂಡೆಯನ್ನು ಹಿಡಿದು ನೋಡಿರಿ. ಅದರ ಮುಂಗಾಲುಗಳಲ್ಲಿ, ಮೊಣಕಾಲಿನ ಕೆಳಗೆ, ತೆಳುವಾದ ಪೊರೆಯೊಂದಿರುವುದು. ಅದೇ ಅದರ ಕರ್ಣಪಟಲ. ರೆಕ್ಕೆಗಳನ್ನು ಉಜ್ಜಿ ಕೂಗುವುದು ಗಂಡು; ಕೇಳಿ ಅರಸಿಕೊಂಡು ಬರುವುದು ಹೆಣ್ಣು. ಅದು ಬರುವುದು ಧ್ವನಿಯಿಂದಲೋ ವಾಸನೆಯಿಂದಲೋ? 1913ರಲ್ಲಿ ಯೋಹಾನ್ ರೇಗೆನ್ ಎಂಬ ಪ್ರಾಣಿಶಾಸ್ತ್ರಜ್ಞರು ಗಂಡಿನ ಕೂಗನ್ನು ಟೆಲಿಫೋನಿನ ಮೂಲಕ ಬೇರೆಡೆಯಲ್ಲಿದ್ದ ಹೆಣ್ಣಿಗೆ ಕೇಳಿಸಿದರು. ಅದು ಟೆಲಿಫೋನಿನ ಕಡೆಗೇ ನಡೆದುಬಂದಿತು! ತಂತಿಯಲ್ಲಿ ವಾಸನೆ ಹರಿಯಲಾರದಷ್ಟೆ.

ಮಿಡತೆಗೆ ಕಿವಿಯಿರುವುದು ಹೊಟ್ಟೆಯ ಪಕ್ಕದಲ್ಲಿ. ಗಂಡುಸೊಳ್ಳೆಯು ಗರಿಯಂತಹ ತನ್ನ ಮೀಸೆಗಳಿಂದ ಹೆಣ್ಣಿನ ರೆಕ್ಕೆಯ ಝೇಂಕಾರವನ್ನು ಅರಿಯುವುದು. ನಮ್ಮ ಕಿವಿಗೆ ನಿಲುಕುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳು ಮಾತ್ರ. ಹುಳು ಹಿಡಿಯುವ ಬಾವಲಿಯು ಅದಕ್ಕೂ ಮೇಲಿನ ಧ್ವನಿಯನ್ನು ಹೊರಡಿಸಿ, ಪ್ರತಿಧ್ವನಿಯಿಂದ ಬೇಟೆಯ ನೆಲೆಯನ್ನು ತಿಳಿಯುವುದು. ಕೆಲವು ಪತಂಗಗಳು ಆ ಧ್ವನಿಯನ್ನೇ ಕೇಳಿ ತಪ್ಪಿಸಿಕೊಳ್ಳುವುವು.

ಇನ್ನು ಹಾವಿನ ವಿಷಯ. ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. 58ನೆಯ ಕೀರ್ತನೆಯಲ್ಲಿ ಕಿವಿ ಮುಚ್ಚಿಕೊಳ್ಳುವ ಸರ್ಪದ ಮಾತು ಬಂದಾಗಲೆಲ್ಲ, ಮುಚ್ಚಿಕೊಳ್ಳಲು ಅದಕ್ಕೆ ಕಿವಿಯೇ ಇಲ್ಲ, ಅದು ಹುಟ್ಟುಕಿವುಡು ಎಂದು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಅದನ್ನು ತಮ್ಮ ಮಕ್ಕಳಿಗೂ ಹೇಳಿಕೊಟ್ಟಿರಬಹುದು. ಅದು ಅರ್ಧಸತ್ಯ. ಹಾವಿಗೆ ಹೊರಕಿವಿಯಿಲ್ಲ, ಕರ್ಣಪಟಲವೂ ಇಲ್ಲ, ಆದರೆ ಒಳಕಿವಿಯುಂಟು. ನೆಲದ ಮೇಲೆ ಊರಿದ ಕೆಳದವಡೆಯು ಅದುರಿದರೆ ಆ ಅದಿರು ಎಲುಬಿನಿಂದ ಎಲುಬಿಗೆ ಸಾಗಿ ಒಳಕಿವಿಯನ್ನು ಮುಟ್ಟುವುದು. ಇರುಳು ತೋಟದಲ್ಲಿ ನಡೆಯುವಾಗ ಹಿರಿಯರು ಕೋಲು ಕುಟ್ಟುತ್ತಿದ್ದುದು ನಿರರ್ಥಕವಲ್ಲ. ಅಷ್ಟೇ ಅಲ್ಲ, ಗಾಳಿಯಲ್ಲಿ ಬರುವ ತಗ್ಗು ಸ್ವರಗಳಿಂದಲೂ ಅದರ ತಲೆಬುರುಡೆಯು ಕಂಪಿಸುವುದೆಂದು ಹೆಬ್ಬಾವಿನ ಒಂದು ಜಾತಿಯನ್ನು ಪರೀಕ್ಷಿಸಿದವರು 2012ರಲ್ಲಿ ಪ್ರಕಟಿಸಿದರು. ಸೆಕೆಂಡಿಗೆ 80ರಿಂದ 160 ಕಂಪನಗಳ ಸ್ವರಗಳು ಅದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ತಿಳಿಯುವುವಂತೆ. ಆದುದರಿಂದ ಹಾವು ಕಿವುಡೆಂಬ ನಮ್ಮ ಪಾಠವನ್ನು ತಾವೆಲ್ಲರೂ ದಯವಿಟ್ಟು ತಿದ್ದಿಕೊಳ್ಳಬೇಕು. ಪುಂಗಿಯ ಮುಂದೆ ಅದು ಹೆಡೆಯಾಡಿಸುವುದು ಹಾವಾಡಿಗನ ಚಲನೆಯನ್ನು ನೋಡಿಯೇ ಎಂದು ನಾವು ಹೇಳಿದ್ದು ಮಾತ್ರ ತಪ್ಪಲ್ಲ.