ಕೂಸಿನ ಡಬ್ಬಿ, ಮನೆಮಂದಿಗೆಲ್ಲ

ಬೀದರ್ ಜಿಲ್ಲೆಯ ನಾರಾಯಣಪುರದಂಥ ಊರಿನಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನೆಂಟರು ತರುವ ಆಯೇರಿಯಲ್ಲಿ ಕುಂಚಿಗೆ, ಬೆಳ್ಳಿ ಕಡಗದ ಜೊತೆ ಈಗ ಎಣ್ಣೆ, ಪೌಡರ್, ಶಾಂಪೂ, ಕ್ರೀಮುಗಳ ಡಬ್ಬಿಯೂ ಇರುತ್ತದೆ. ಬಸವಕಲ್ಯಾಣದಿಂದ ಬಂದವರು ಒಂದು ತಂದರೆ ಹುಮನಾಬಾದಿನವರು ಅಂಥದ್ದೇ ಇನ್ನೊಂದು ತಂದಿರುತ್ತಾರೆ. ಒಂದು ಕೂಸಿಗೆ ಅಷ್ಟೆಲ್ಲ ಬೇಕಾಗುವುದಿಲ್ಲ. ಉಳಿದದ್ದು ಕಪಾಟಿನಲ್ಲಿ ಕೂತು, ಅವಧಿ ಮುಗಿದು, ಕೊನೆಗೆ ತಿಪ್ಪೆಗೆ ಹೋಗುತ್ತದೆ. ಹಾಗೆ ಆಗಬೇಕಿಲ್ಲ, ಇವುಗಳಿಂದ ಮನೆಯ ದೊಡ್ಡವರಿಗೂ ಆಗುವ ಕೆಲಸ ಬಹಳ.

ಮೊದಲು ಬಾಟಲಿಯ ಬೆನ್ನು ಓದಿ. ಒಳಗಿರುವುದು ಏನು ಎಂದು ತಿಳಿದರೆ ಅದು ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬಾರದು ಎಂಬುದು ತಾನಾಗಿಯೇ ಹೊಳೆಯುತ್ತದೆ. ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರದಲ್ಲಿ 12 ಎಂದಿದ್ದರೆ, ತೆರೆದ ಮೇಲೆ 12 ತಿಂಗಳೊಳಗೆ ಮುಗಿಸಬೇಕು. ತೆರೆದ ತಾರೀಖನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆಯೇ ಬರೆದಿಡಿ.

ಎಣ್ಣೆ: ಎಲ್ಲಕ್ಕಿಂತ ಹೆಚ್ಚು ಕೆಲಸದ್ದು

ಬಹಳಷ್ಟು ಬೇಬಿ ಆಯಿಲ್‌ಗಳು ಕುಸುಬೆ, ಶೇಂಗಾ ಎಣ್ಣೆಯಂತೆ ಬೀಜದಿಂದ ತೆಗೆದವಲ್ಲ. ಬೆನ್ನ ಮೇಲೆ ‘ಲಿಕ್ವಿಡ್ ಪ್ಯಾರಾಫಿನ್’ ಅಥವಾ ‘ಮಿನರಲ್ ಆಯಿಲ್’ ಎಂದಿದ್ದರೆ ಅದು ಪೆಟ್ರೋಲಿಯಂನಿಂದ ಶುದ್ಧಗೊಳಿಸಿ ತೆಗೆದದ್ದು. ಅದು ಕಮಟು ಹಿಡಿಯುವುದಿಲ್ಲ, ಚರ್ಮದ ಮೇಲೆ ತೆಳ್ಳಗೆ ಕೂತು ಒಳಗಿನ ನೀರು ಆರದಂತೆ ತಡೆಯುತ್ತದೆ. ರಾಜ್ಯದಲ್ಲೇ ಅತಿ ಚಳಿ ಬೀಳುವ ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು. ಡಿಸೆಂಬರ್, ಜನವರಿಯಲ್ಲಿ ಮೊಣಕಾಲ ಕೆಳಗೆ ಚರ್ಮ ಬೂದಿ ಬಡಿದಂತಾಗುತ್ತದೆ. ಆಗ ಜಳಕದ ನಂತರ ಮೈಯನ್ನು ಪೂರ್ತಿ ಒರೆಸಬೇಡಿ. ಹಸಿ ಇರುವಾಗಲೇ ಕೈಕಾಲಿಗೆ ಒಂದು ಚಮಚ ಎಣ್ಣೆ ಸವರಿ. ಒಣ ಮೈಗೆ ಹಚ್ಚಿದರೆ ಅಷ್ಟು ಲಾಭ ಸಿಗುವುದಿಲ್ಲ. ಬಚ್ಚಲಲ್ಲಿ ನಿಂತು ಮಾತ್ರ ಹಚ್ಚಬೇಡಿ, ಕಲ್ಲು ಜಾರುತ್ತದೆ. ಮೊಡವೆ ಇರುವವರು ಮುಖಕ್ಕೆ ಹಚ್ಚಬೇಡಿ.

ಟಿಕಳಿಯ ಅಂಟಿಗೂ ಇದೇ ಮದ್ದು. ಹಣೆಯ ಮೇಲೆ ಉಳಿದ ಅಂಟನ್ನು ಉಗುರಿನಿಂದ ಕೆರೆಯುವುದರಿಂದ ಚರ್ಮ ಕೆಂಪಾಗುತ್ತದೆ. ಅರಳೆಗೆ ಎರಡು ಹನಿ ಹಾಕಿ, ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಿ. ಕನ್ನಡಿಯ ಮೇಲಿನ ಟಿಕಳಿ ಗುರುತು, ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್ ಅಂಟು ಗಟ್ಟಿಯಾಗಿರುತ್ತವೆ. ಅವಕ್ಕೆ ಎಣ್ಣೆ ಸವರಿ 15-20 ನಿಮಿಷ ಬಿಡಿ, ಹಳೇ ಬಟ್ಟೆಯಿಂದ ತಿಕ್ಕಿ, ಪಾತ್ರೆಯನ್ನು ಸಾಬೂನಿನಿಂದ ತೊಳೆಯಿರಿ. ಕಾಡಿಗೆ ತೆಗೆಯುವುದೂ ಹೀಗೆಯೇ: ಕಣ್ಣು ಮುಚ್ಚಿ, ರೆಪ್ಪೆಯ ಮೇಲಿಂದ ಒರೆಸಿ, ಆಮೇಲೆ ಮುಖ ತೊಳೆಯಿರಿ.

ಗಾಜಿನ ಬಳೆ ಇಡಿಸಿಕೊಳ್ಳುವಾಗ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿ, ಮೇಲೆ ಎಣ್ಣೆ ಸವರಿದರೆ ಬಳೆ ಒಡೆಯದೆ ಜಾರಿ ಕೂರುತ್ತದೆ. ಬೆರಳಿನಲ್ಲಿ ಸಿಕ್ಕ ಉಂಗುರಕ್ಕೂ ಎಣ್ಣೆ ಹಚ್ಚಿ ತಿರುಗಿಸಿ ತೆಗೆಯಬಹುದು. ಬೆರಳು ಬಾತು ನೀಲಿಗಟ್ಟಿದ್ದರೆ ಮಾತ್ರ ಎಳೆದಾಡದೆ ದವಾಖಾನೆಗೆ ಹೋಗಿ. ಹೋಳಿಯ ದಿನ ಬಣ್ಣಕ್ಕೆ ಹೊರಡುವ ಮುಂಚೆ ಕುತ್ತಿಗೆ, ಕಿವಿಯ ಹಿಂದೆ, ಉಗುರಿನ ಸುತ್ತ ಹಚ್ಚಿಕೊಂಡರೆ ಬಣ್ಣ ಬೇಗ ಬಿಡುತ್ತದೆ.

ಬಿದರಿ ವಸ್ತು ಮನೆಯಲ್ಲಿದೆಯೇ? ಸತು-ತಾಮ್ರದ ಆ ಪಾತ್ರೆಗೆ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ. ಕಪ್ಪು ಇನ್ನೂ ಗಾಢವಾಗಲೆಂದು ಕುಶಲಕರ್ಮಿಗಳು ಕೊನೆಗೆ ಎಣ್ಣೆ ಹಚ್ಚಿ ಒರೆಸುತ್ತಾರೆ. ವರ್ಷಗಳು ಕಳೆದು ಕಪ್ಪು ಮಂಕಾದರೆ ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಬೇಬಿ ಆಯಿಲ್ ಹಾಕಿ ಸವರಿ, ಒಣ ಬಟ್ಟೆಯಿಂದ ಒರೆಸಿ. ಹುಣಸೆಹಣ್ಣು, ಲಿಂಬೆ, ಬೂದಿ ಹಾಕಿ ತಿಕ್ಕಬೇಡಿ. ಹಿತ್ತಾಳೆಗೆ ಸರಿಯಾದದ್ದು ಬಿದರಿಯ ಕಪ್ಪನ್ನು ಕೆಡಿಸುತ್ತದೆ.

ಒಂದು ಮಾತನ್ನು ಮನೆಯ ಹಿರಿಯರಿಗೆ ಕೈಮುಗಿದು ಹೇಳಬೇಕು. ಕೂಸಿನ ಮೂಗಿಗೆ, ಬಾಯಿಗೆ ಯಾವ ಎಣ್ಣೆಯನ್ನೂ ಬಿಡಬೇಡಿ. ಈ ಎಣ್ಣೆ ಉಸಿರಿನೊಡನೆ ಎದೆಗೆ ಇಳಿದರೆ ಪುಪ್ಪುಸಕ್ಕೆ ಉರಿಯೂತ ಬರುತ್ತದೆ, ಪ್ರಾಣಕ್ಕೂ ಕುತ್ತು. ಬಾಟಲಿ ಅಂಬೆಗಾಲಿಡುವ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ.

ಪೌಡರ್: ಬಟ್ಟೆಗೆ ಸರಿ, ಕೂಸಿಗೆ ಬೇಡ

ಪೌಡರ್ ಎರಡು ಬಗೆ. ಒಂದು ಟಾಲ್ಕ್, ಅಂದರೆ ಕಲ್ಲಿನ ಪುಡಿ. ಇನ್ನೊಂದು ಮೆಕ್ಕೆಜೋಳದ ಪಿಷ್ಟ, ಅದಕ್ಕೆ ಕಾರ್ನ್‌ಸ್ಟಾರ್ಚ್ ಎಂದು ಬರೆದಿರುತ್ತಾರೆ. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿ ಅಮೆರಿಕ, ಕೆನಡಾಗಳಲ್ಲಿ ಟಾಲ್ಕ್ ಬೇಬಿ ಪೌಡರ್ ನಿಲ್ಲಿಸುವುದಾಗಿ 2020ರಲ್ಲಿ ಹೇಳಿತು, 2023ರಲ್ಲಿ ಜಗತ್ತಿನೆಲ್ಲೆಡೆ ಪಿಷ್ಟಕ್ಕೆ ತಿರುಗಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಟಾಲ್ಕನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿತು. ಯಾವ ಪೌಡರ್ ಆದರೂ ಹಾರಿ ಕೂಸಿನ ಉಸಿರಿಗೆ ಸೇರುವುದು ಒಳ್ಳೆಯದಲ್ಲ. ಹೆಂಗಸರು ಒಳಭಾಗಕ್ಕೆ ಬಳಸಲೇಬಾರದು. ಉಳಿದ ಡಬ್ಬಿಯನ್ನು ಬಟ್ಟೆಗೆ ಖರ್ಚು ಮಾಡಿ ಎಂಬುದು ನನ್ನ ಸಲಹೆ.

ಮದುವೆ ಊಟದಲ್ಲಿ ಸೀರೆಯ ಮೇಲೆ ಎಣ್ಣೆಗಾಯಿಯ ಎಣ್ಣೆ ಬಿತ್ತೆನ್ನಿ. ಎಲ್ಲರೂ ಮೊದಲು ನೀರು ಹಾಕುತ್ತಾರೆ, ಅದೇ ತಪ್ಪು. ಕಾಗದವನ್ನು ಒತ್ತಿ ಮೇಲಿನ ಎಣ್ಣೆ ತೆಗೆಯಿರಿ. ಮನೆಗೆ ಬಂದು ಕಲೆಯ ಮೇಲೆ ದಪ್ಪಗೆ ಪೌಡರ್ ಹಾಕಿ, ಬೆರಳಿನಿಂದ ಮೆಲ್ಲಗೆ ಒತ್ತಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಂಗಳದಲ್ಲಿ ಝಾಡಿಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಎಣ್ಣೆಯ ನೆರಳು ಉಳಿದಿದ್ದರೆ ಇನ್ನೊಮ್ಮೆ ಹಾಕಿ. ಆಮೇಲೆ ತೊಳೆಯಿರಿ. ಅರಿಷಿಣದ ಕಲೆ ಇದರಿಂದ ಹೋಗುವುದಿಲ್ಲ, ಎಣ್ಣೆ ಮಾತ್ರ ಹೋಗುತ್ತದೆ. ರೇಷ್ಮೆಯಾದರೆ ಒಳಸೆರಗಿನ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಗಂಟುಬಿದ್ದ ತೆಳು ಸರದ ಮೇಲೂ ಚಿಟಿಕೆ ಪೌಡರ್ ಹಾಕಿ, ಎರಡು ಸೂಜಿಗಳಿಂದ ಬಿಡಿಸಿದರೆ ಕೊಂಡಿ ಹರಿಯದೆ ಸಡಿಲಾಗುತ್ತದೆ.

ಶಾಂಪೂ

ನಮ್ಮ ಕಡೆ ಗಡಸು ಬೋರಿನ ನೀರಿನಲ್ಲಿ ಸಾಬೂನು ನೊರೆ ಕೊಡದೆ ಬಿಳಿ ಕೆನೆಯಂತೆ ಬಟ್ಟೆಗೆ ಹತ್ತುತ್ತದೆ. ಶಾಂಪೂ ಹಾಗೆ ಕೆನೆಗಟ್ಟುವುದಿಲ್ಲ. ಅರ್ಧ ಬಕೆಟ್ ತಣ್ಣೀರಿಗೆ ಎರಡು ಚಮಚ ಬೇಬಿ ಶಾಂಪೂ ಹಾಕಿ ಉಣ್ಣೆಯ ಸ್ವೆಟರ್ ಹತ್ತು ನಿಮಿಷ ನೆನೆಸಿ. ಹಿಂಡದೆ ಒತ್ತಿ ನೀರು ತೆಗೆದು, ಟವೆಲ್ ಮೇಲೆ ಹರವಿ ನೆರಳಿನಲ್ಲಿ ಒಣಗಿಸಿ. ಬಾಚಣಿಗೆ, ಮೇಕಪ್ ಬ್ರಷ್ ಕೂಡ ಇದರಲ್ಲೇ ಸ್ವಚ್ಛವಾಗುತ್ತವೆ.

ಚಿನ್ನದ ಝುಮಕಿಯ ಸಂದಿಯ ಜಿಡ್ಡಿಗೆ ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಶಾಂಪೂ, ಕೂಸಿನ ಮೆತ್ತನೆ ಹಲ್ಲಿನ ಬ್ರಷ್ ಸಾಕು. ಬೋರಮಾಳ ಸರವನ್ನು ಮಾತ್ರ ನೀರಿಗೆ ಹಾಕಬೇಡಿ. ಗುಂಡಿನೊಳಗೆ ಅರಗು ತುಂಬಿರುತ್ತದೆ, ಬಿಸಿಗೆ ಮೆತ್ತಗಾಗುತ್ತದೆ, ಪೋಣಿಸಿದ ದಾರವೂ ಕೊಳೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮುತ್ತಿಗೂ ಅಷ್ಟೆ.

ಉಳಿದವು

ಡಯಾಪರ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಜಿಂಕ್ ಆಕ್ಸೈಡ್ ಇರುತ್ತದೆ. ಬೇಸಿಗೆಯ ಜಳದಲ್ಲಿ ತೊಡೆ ಸಂದಿ ಉಜ್ಜಿ ಉರಿದರೆ, ಹೊಸ ಚಪ್ಪಲಿ ಕಚ್ಚಿದರೆ ತೆಳ್ಳಗೆ ಹಚ್ಚಿ. ಕೀವು, ದುರ್ವಾಸನೆ ಇದ್ದರೆ ವೈದ್ಯರಿಗೆ ತೋರಿಸಿ. ವೈಪ್ಸ್‌ನಿಂದ ಚಪ್ಪಲಿ, ಬ್ಯಾಗು ಒರೆಸಬಹುದು. ಅವು ಬಟ್ಟೆಯಂತೆ ಕಂಡರೂ ಬಹಳಷ್ಟರಲ್ಲಿ ಪ್ಲಾಸ್ಟಿಕ್ ನೂಲಿರುತ್ತದೆ. ಪಾಯಖಾನೆಗೂ ಗಟಾರಕ್ಕೂ ಹಾಕಬೇಡಿ, ದನ ಮೇಯುವ ಕಡೆ ಎಸೆಯಬೇಡಿ.

ಕೂಸು ಬೆಳೆದು, ಸಣ್ಣ ಅಳತೆಯ ಹೊಸ ಡಯಾಪರ್‌ಗಳು ಉಳಿದಿವೆಯೇ? ಒಂದನ್ನು ನೀರಿನಲ್ಲಿ ನೆನೆಸಿ, ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ. ಕಾಲು ಉಳುಕಿದಾಗ ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ ಇಟ್ಟರೆ ತಂಪು ಕೊಡುತ್ತದೆ. ಒಳಗಿನ ಹರಳು ನೀರು ಹೀರಿ ಉಬ್ಬುವ ಸೋಡಿಯಂ ಪಾಲಿಅಕ್ರಿಲೇಟ್. ಅದನ್ನು ಹೂಕುಂಡಕ್ಕೆ ಹಾಕಿ, ನೀರು ಉಳಿಸಿ ಎನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಮಳೆಯನ್ನೇ ನಂಬಿದ ನಮ್ಮ ರೈತರಿಗೆ ಇದು ಆಸೆ ಹುಟ್ಟಿಸುವ ಮಾತು. ಆದರೆ ಅದರ ಸೋಡಿಯಂ ಕಪ್ಪುಮಣ್ಣಿಗೆ ಒಳ್ಳೆಯದಲ್ಲ, ಮಣ್ಣು ಗಟ್ಟಿಯಾಗುತ್ತದೆ. ಹೊಲಕ್ಕೂ ಪುಂಡಿಪಲ್ಯೆ, ಮೆಂತ್ಯ ಬೆಳೆಯುವ ಕುಂಡಕ್ಕೂ ಬೇಡವೇ ಬೇಡ. ಬೇಸಾಯಕ್ಕೆಂದೇ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಬೇರೆ ಇದೆ. ಬೇಕಾದವರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲಿ. ಬರೀ ಅಲಂಕಾರದ ಗಿಡಕ್ಕೆ ಪ್ರಯತ್ನಿಸುವುದಾದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕತ್ತರಿಸಿ, ಹರಳನ್ನು ನೀರಿನಲ್ಲಿ ಪೂರ್ತಿ ಉಬ್ಬಿಸಿ, ಹತ್ತು ಹಿಡಿ ಮಣ್ಣಿಗೆ ಒಂದು ಹಿಡಿಯಂತೆ ಕಲಸಿ ಕುಂಡದ ಕೆಳಭಾಗಕ್ಕೆ ಮಾತ್ರ ಹಾಕಿ. ಒಣ ಹರಳನ್ನೇ ಹಾಕಿದರೆ ಮೊದಲ ನೀರಿಗೆ ಉಬ್ಬಿ ಗಿಡವನ್ನು ಬೇರುಸಮೇತ ಮೇಲಕ್ಕೆತ್ತುತ್ತದೆ.